ಹಲಗೆಯಿತ್ತು, ಬಳಪವಿರಲಿಲ್ಲ

2024ರ ದಸರಾ ರಜೆಯ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಂಜನಗೂಡಿನ ನಮ್ಮ ಮನೆಗೆ ಬಂದ. ತಿರುಮಕೂಡಲು ನರಸೀಪುರದ ಪ್ರೌಢಶಾಲೆಯಲ್ಲಿ ನನ್ನ ಬಳಿ ಗಣಿತ, ವಿಜ್ಞಾನಗಳನ್ನು ಕಲಿತು 1994ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಹೆಸರು ಬರೆಯಬೇಡಿ ಎಂದು ಅವನೇ ಕೇಳಿಕೊಂಡಿದ್ದಾನೆ. ಆ ವರ್ಷದವರು ಓದುತ್ತಲೇ ಗುರುತು ಹಿಡಿದರೆ ಅದು ನನ್ನ ತಪ್ಪಲ್ಲ. ಜೊತೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು. ಅವಳ ಅಂಗೈಯಲ್ಲಿ ಎರಡು ಬೆರಳಗಲದ ನೀಲಿ ಬಣ್ಣದ ಆರ್ಡುಯಿನೋ ಹಲಗೆ. ಅವನ ಚೀಲದಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಹಳೆಯ ನೋಟ್‌ಪುಸ್ತಕ.

"ಸಾರ್, ಮನೆಯಲ್ಲಿ ಫೋನುಗಳಿವೆ, ಕಂಪ್ಯೂಟರ್ ಇಲ್ಲ. ಇವಳಿಗೆ ಇದರೊಳಗೆ ಪ್ರೋಗ್ರಾಂ ಹಾಕುವುದು ಹೇಗೆ ಎಂದು ನೋಡಬೇಕಂತೆ. ನಿಮ್ಮ ಮೇಜಿನ ಮೇಲಿನದರಲ್ಲಿ ಆಗುತ್ತದೆಯೇ?" ಎಂದ.

ಆ ಮಧ್ಯಾಹ್ನ ಸಂಜೆಯಾಗಿ, ಸಂಜೆ ರಾತ್ರಿಯೂಟದವರೆಗೆ ಹೋಯಿತು. ಅಂದು ತಿಳಿದ ಒಂದು ಸಂಗತಿಯನ್ನು ಬರೆದಿಡಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೇನೆ. ಆದರೆ ಅದು ಅರ್ಥವಾಗಬೇಕಾದರೆ ಸ್ವಲ್ಪ ಇತಿಹಾಸ ಹೇಳಬೇಕು. ಮೇಷ್ಟ್ರಿಗೆ ಪೀಠಿಕೆಯಿಲ್ಲದೆ ಪಾಠ ಬರುವುದಿಲ್ಲವೆಂದು ನಿಮಗೆಲ್ಲ ಗೊತ್ತೇ ಇದೆ.

ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನೊಳಗೆ ಅಡಗಿರುವ ಪುಟ್ಟ ಗಣಕಯಂತ್ರ. ಲೆಕ್ಕ ಮಾಡುವ ಭಾಗ, ಆಜ್ಞೆಗಳನ್ನು ಇಟ್ಟುಕೊಳ್ಳುವ ಸ್ಮೃತಿ, ಹೊರಗಿನ ಗುಂಡಿ, ದೀಪ, ಮೋಟಾರುಗಳೊಡನೆ ವ್ಯವಹರಿಸುವ ಕಾಲುಗಳು, ಎಲ್ಲವೂ ಅದರಲ್ಲೇ. ಬಟ್ಟೆ ಒಗೆಯುವ ಯಂತ್ರದಲ್ಲಿ, ಗೋಡೆಯ ಮೇಲಿನ ವಿದ್ಯುತ್ ಮೀಟರಿನಲ್ಲಿ ಇರುವುದು ಅದೇ. 1981ರಲ್ಲಿ ಬಂದ ಐಬಿಎಂ ಕಂಪ್ಯೂಟರಿನ ಕೀಲಿಮಣೆಯೊಳಗೂ ಇಂಟೆಲ್ 8048 ಎಂಬ ಇಂಥದೊಂದು ಚಿಪ್ ಕುಳಿತಿತ್ತು.

ನಾನು ಅದನ್ನು ಮೊದಲು ಗಮನವಿಟ್ಟು ನೋಡಿದ್ದು ಪ್ರಯೋಗಾಲಯದಲ್ಲಲ್ಲ, ಚುನಾವಣಾ ಕರ್ತವ್ಯದಲ್ಲಿ. 2004ರಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ ಪೆಟ್ಟಿಗೆಗಳ ಬದಲು ಮತಯಂತ್ರಗಳನ್ನು ಹೊತ್ತು ಹಳ್ಳಿಯ ಶಾಲೆಗೆ ಹೋಗಿದ್ದೆವು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಈ ಯಂತ್ರಗಳನ್ನು ತಯಾರಿಸುತ್ತಿದ್ದವು. ತರಬೇತಿಯಲ್ಲಿ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು: ಇದರ ಚಿಪ್ಪಿನೊಳಗಿನ ಆಜ್ಞೆಗಳನ್ನು ಒಮ್ಮೆ ಬರೆದ ಮೇಲೆ ತಿದ್ದಲು ಬರುವುದಿಲ್ಲ. ಅದೇ ಚುನಾವಣೆಯಲ್ಲಿ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದ ಅಂತರದಿಂದ ಗೆದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಬೇರೆ ಮಾತಿರಲಿಲ್ಲ. ನಾನು ಮಾತ್ರ, ತಿದ್ದಲಾಗದ ಆ ಆಜ್ಞೆಗಳನ್ನು ಬರೆದವನು ಅವುಗಳನ್ನು ಎಷ್ಟು ಸಲ ಓದಿ ನೋಡಿರಬೇಕು ಎಂದು ಯೋಚಿಸುತ್ತಿದ್ದೆ. ಇದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಚಿಪ್ ಮಾಡುವುದು ಒಂದು ವಿದ್ಯೆ, ಅದರೊಳಗೆ ಬರೆಯುವುದು ಇನ್ನೊಂದು. ಮೊದಲನೆಯದರ ಚರಿತ್ರೆಯನ್ನು ಎಲ್ಲರೂ ಹೇಳುತ್ತಾರೆ. 1971ರಲ್ಲಿ ಇಂಟೆಲ್ 4004 ಬಂತು, 1974ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಎಸ್ 1000 ಮಾರುಕಟ್ಟೆಗೆ ಬಂತು, 1976ರಲ್ಲಿ 8048, 1980ರಲ್ಲಿ ಪ್ರಸಿದ್ಧವಾದ 8051. ಎರಡನೆಯದರ ಚರಿತ್ರೆಯನ್ನು ಹೇಳುವವರು ಕಡಿಮೆ. ಟಿಎಂಎಸ್ 1000 ಚಿಪ್ಪಿನಲ್ಲಿ ಆಜ್ಞೆಗಳನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿಬಿಡುತ್ತಿದ್ದರು. ಸಾವಿರಾರು ಚಿಪ್ಪುಗಳನ್ನು ಒಟ್ಟಿಗೆ ಕೊಳ್ಳುವ ಕಂಪನಿಗೆ ಮಾತ್ರ ಅದು ದಕ್ಕುವ ಮಾತು. ಇಂಟೆಲ್ ಕಂಪನಿಯ ಡಾವ್ ಫ್ರೋಮನ್ 1971ರಲ್ಲಿ ಇಪ್ರಾಮ್ ಎಂಬ ಸ್ಮೃತಿಯನ್ನು ಕಂಡುಹಿಡಿದ ಮೇಲೆ ಬರೆದು ಅಳಿಸಿ ಮತ್ತೆ ಬರೆಯುವುದು ಸಾಧ್ಯವಾಯಿತು. ಅದರ ನೆತ್ತಿಯ ಮೇಲೆ ಒಂದು ಸ್ಫಟಿಕದ ಕಿಟಕಿ. ಅಳಿಸಬೇಕೆಂದರೆ ಆ ಕಿಟಕಿಯನ್ನು ಹತ್ತಿಪ್ಪತ್ತು ನಿಮಿಷ ನೇರಳಾತೀತ ದೀಪದ ಕೆಳಗೆ ಇಡಬೇಕು. ಬರೆಯುವುದಕ್ಕೆ ಬೇರೊಂದು ಯಂತ್ರ. ಬರೆಯಬೇಕಾದ ಆಜ್ಞೆಗಳನ್ನು ಮನುಷ್ಯನ ಭಾಷೆಯಿಂದ ಚಿಪ್ಪಿನ ಅಂಕಿಗಳಿಗೆ ತಿರುಗಿಸಲು ಮತ್ತೊಂದು ಗಣಕಯಂತ್ರ. ಇಂಟೆಲ್ ಇದಕ್ಕೆಂದೇ ಮಾರುತ್ತಿದ್ದ ಇಂಟೆಲೆಕ್ ಎಂಬ ನೀಲಿ ಪೆಟ್ಟಿಗೆಯನ್ನು ದೊಡ್ಡ ಸಂಸ್ಥೆಗಳಷ್ಟೇ ಕೊಳ್ಳಬಲ್ಲವಾಗಿದ್ದವು. ಚಿಪ್ ಅಗ್ಗವಾಗುತ್ತಾ ಬಂದರೂ ಅದರೊಳಗೆ ಬರೆಯುವ ಸಾಮಗ್ರಿ ಬಹುಕಾಲ ಅಗ್ಗವಾಗಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ನಂಜನಗೂಡೆಂದರೆ ಹೊರಗಿನವರಿಗೆ ಶ್ರೀಕಂಠೇಶ್ವರ, ರಸಬಾಳೆ, ಹಲ್ಲಿನ ಪುಡಿ. ಆದರೆ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಒಳಗಿರುವ ತಾಮ್ರದ ಗೆರೆಗಳ ಸರ್ಕಿಟ್ ಹಲಗೆಗಳನ್ನು ತಯಾರಿಸುವ ಕಾರ್ಖಾನೆ ಬಹಳ ಹಿಂದೆಯೇ ಬಂದಿತ್ತು ಎಂಬುದು ಊರಿನವರಿಗೇ ಅಷ್ಟಾಗಿ ತಿಳಿಯದು. ಮೊದಲು ಅದು ಇಂಡಾಲ್ ಎಲೆಕ್ಟ್ರಾನಿಕ್ಸ್; 1999ರಲ್ಲಿ ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಕಂಪನಿ ಅದನ್ನು ಕೊಂಡಿತು. ಚಿಪ್ಪುಗಳನ್ನು ಕೂರಿಸುವ ಹಲಗೆಗಳು ಕಪಿಲೆಯ ದಡದಿಂದ ದೂರ ದೇಶಗಳಿಗೆ ಹೋಗುತ್ತಿದ್ದವು. ಅದೇ ಊರಿನಲ್ಲಿ, ಹಾಗೆ ಕೂರಿಸಿದ ಚಿಪ್ಪಿನೊಳಗೆ ಒಂದು ಸಾಲು ಬರೆದುಕೊಡುವ ಅಂಗಡಿಯಾಗಲಿ ಪರಿಚಿತರಾಗಲಿ 1997ರಲ್ಲಿ ನಮಗೆ ಸಿಗಲಿಲ್ಲ. ಹಲಗೆಯಿತ್ತು, ಬಳಪವಿರಲಿಲ್ಲ. ಬೆಂಗಳೂರಿನ ಮಾತು ಬೇರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಅಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಇಟ್ಟುಕೊಂಡು ಚಿಪ್ ವಿನ್ಯಾಸದ ಕೆಲಸ ಮಾಡುತ್ತಿತ್ತು. ಬೆಂಗಳೂರಿಗೂ ತಿರುಮಕೂಡಲಿಗೂ ನಡುವಿನ ದೂರವನ್ನು ಬಸ್ಸಿನ ಟಿಕೆಟ್ಟಿನಿಂದ ಅಳೆಯಲಾಗುವುದಿಲ್ಲ.

1997ರಲ್ಲಿ ಈ ಹುಡುಗ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದ. ತಂದೆಯದು ನರಸೀಪುರದ ಬಳಿ ಎರಡೂವರೆ ಎಕರೆ, ಒಂದು ಪಂಪ್‌ಸೆಟ್ಟು. ಮೂರು ಫೇಸಿನ ವಿದ್ಯುತ್ತು ಯಾವ ಹೊತ್ತಿಗೆ ಬರುತ್ತದೆಂದು ಹೇಳಲಾಗದ ಕಾಲ. ರಾತ್ರಿ ಎದ್ದು ಹೋಗುವುದು ತಪ್ಪಲೆಂದು ರೈತರು ಸ್ಟಾರ್ಟರಿಗೆ ತಾನಾಗಿ ಚಾಲೂ ಆಗುವ ಏರ್ಪಾಡು ಮಾಡಿಕೊಂಡಿದ್ದರು. ಕರೆಂಟು ಬಂದ ಕ್ಷಣದಲ್ಲೇ ಒಂದು ಟ್ರಾನ್ಸ್‌ಫಾರ್ಮರಿನ ಅಷ್ಟೂ ಮೋಟಾರುಗಳು ಒಟ್ಟಿಗೆ ಎದ್ದು ಕುಳಿತರೆ ಗತಿಯೇನು? ಹೊರಡುವಾಗ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಫ್ಯೂಸು ಹೋಗುತ್ತಿತ್ತು, ಒಮ್ಮೊಮ್ಮೆ ಟ್ರಾನ್ಸ್‌ಫಾರ್ಮರೇ ಸುಡುತ್ತಿತ್ತು. ಹುಡುಗನ ಯೋಚನೆ ಸರಳವಾಗಿತ್ತು: ಕರೆಂಟು ಬಂದ ಮೇಲೆ ಎರಡು ನಿಮಿಷ ಕಾದು ಮೋಟಾರನ್ನು ಚಾಲೂ ಮಾಡುವ ಸಣ್ಣ ಪೆಟ್ಟಿಗೆ, ಪಕ್ಕದ ಹೊಲದವನದು ಮೂರು ನಿಮಿಷ, ಅದರಾಚೆಯವನದು ನಾಲ್ಕು. ಸರದಿಯ ಮೇಲೆ ಏಳಲಿ. ಅದಕ್ಕೆ 8051ರ ಸೋದರನಾದ 8031 ಚಿಪ್ಪನ್ನು ಆರಿಸಿಕೊಂಡಿದ್ದ. ಅದರಲ್ಲಿ ಆಜ್ಞೆಗಳಿಗೆ ಒಳಗೇ ಜಾಗವಿಲ್ಲ, ಪಕ್ಕದಲ್ಲಿ ಒಂದು ಇಪ್ರಾಮ್ ಕೂರಿಸಬೇಕು.

ಚಿಪ್ಪುಗಳನ್ನು ಕೊಳ್ಳುವ ಹಣ ಹೇಗೋ ಕೂಡಿತು. ಕಲಿಯಲು ಇದ್ದದ್ದು ಪ್ರಯೋಗಾಲಯದ ಕಿಟ್. ಹದಿನಾರು ಅಂಕಿಗಳ ಗುಂಡಿಮಣೆ, ಕೆಂಪಕ್ಷರದ ಪುಟ್ಟ ಪರದೆ. ವಾರಕ್ಕೊಮ್ಮೆ, ನಾಲ್ಕು ಜನರಿಗೆ ಒಂದು. ಆಜ್ಞೆಗಳನ್ನು ನೋಟ್‌ಪುಸ್ತಕದಲ್ಲಿ ಬರೆದು, ಪ್ರತಿಯೊಂದಕ್ಕೂ ಪಟ್ಟಿ ನೋಡಿ ಅಂಕಿ ಹಾಕಿ, ಒಂದೊಂದೇ ಗುಂಡಿ ಒತ್ತಿ ತುಂಬಬೇಕು. ನಡುವೆ ಕರೆಂಟು ಹೋದರೆ ಎಲ್ಲವೂ ಅಳಿಸಿಹೋಗಿ ಮತ್ತೆ ಮೊದಲಿನಿಂದ. ಕಂಪ್ಯೂಟರುಗಳೂ ಇದ್ದವಂತೆ, ಬೇರೆ ವಿಭಾಗದ ಕೊಠಡಿಯಲ್ಲಿ, ಬೀಗದೊಳಗೆ. ಇಪ್ರಾಮಿಗೆ ಬರೆಸಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿಬಂದ. ತಂದು ಕೂರಿಸಿ, ಮೋಟಾರಿನ ಬದಲು ಒಂದು ಎಲ್‌ಇಡಿ ದೀಪ ಇಟ್ಟು ನೋಡಿದರೆ, ಎರಡು ನಿಮಿಷವಾದ ಮೇಲೆ ದೀಪ ಕ್ಷಣಮಾತ್ರ ಮಿಣುಕಿ ಆರಿತು. ಮತ್ತೆ ಎರಡು ನಿಮಿಷಕ್ಕೆ ಮಿಣುಕು. ಹೀಗೇ. ಹೊತ್ತಿ ನಿಲ್ಲಬೇಕಾದದ್ದು ನಿಲ್ಲದು. ಕಾಲೇಜಿನ ಕಿಟ್ಟಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಆಗ ಅವನು ನೋಟ್‌ಪುಸ್ತಕ ಹಿಡಿದು ನನ್ನ ಬಳಿ ಬಂದ. ನನಗೆ ಈ ವಿದ್ಯೆ ಗೊತ್ತಿರಲಿಲ್ಲ. ಆದರೂ ಗಣಿತದ ಮೇಷ್ಟ್ರು ನೋಡಿ. ಲೆಕ್ಕವಾದರೆ ನೋಡಿಯೇಬಿಡೋಣ ಎಂದು ಕುಳಿತೆ. ಹಿಂದಕ್ಕೂ ಮುಂದಕ್ಕೂ ಜಿಗಿಯುವ ಆಜ್ಞೆಗಳಿದ್ದವು. ಎಷ್ಟು ಹೆಜ್ಜೆ ಜಿಗಿಯಬೇಕೆಂಬ ಸಂಖ್ಯೆಯನ್ನು ಪಕ್ಕದಲ್ಲಿ ಬರೆದಿದ್ದ. ಕೊನೆಯ ಸಾಲು ತೋರಿಸಿ ಕೇಳಿದ: "ಸಾರ್, ಇಲ್ಲಿ ಕೆಲಸ ಮುಗಿಯಿತು, ಇನ್ನು ಇದ್ದ ಜಾಗದಲ್ಲೇ ಇರು ಅನ್ನಬೇಕು. ಎಷ್ಟು ಹೆಜ್ಜೆ ಅಂತ ಬರೆಯುವುದು?"

"ಇದರಲ್ಲಿ ಕೇಳುವುದೇನಪ್ಪ, ಸೊನ್ನೆ" ಎಂದೆ.

ಅವನೂ ಸೊನ್ನೆಯನ್ನೇ ಬರೆದಿದ್ದ. ಲೆಕ್ಕ ಸರಿಯಿದೆ, ಚಿಪ್ಪೇ ಕೆಟ್ಟಿರಬೇಕು ಎಂದು ಇಬ್ಬರೂ ತೀರ್ಮಾನಿಸಿದೆವು. ಬೇರೆ ಚಿಪ್ ತಂದು, ಮತ್ತೆ ಬೆಂಗಳೂರಿಗೆ ಹೋಗಿ ಬರೆಸಿಕೊಂಡು ಬಂದ. ಅದೇ ಮಿಣುಕು. ಮೂರನೆಯ ಸಲಕ್ಕೆ ಹಣವೂ ಇರಲಿಲ್ಲ, ದಿನವೂ ಉಳಿದಿರಲಿಲ್ಲ. ಪ್ರಾಜೆಕ್ಟಿಗೆ ಬೇರೇನೋ ಮಾಡಿ ತೋರಿಸಿ ಪಾಸಾದ. ಮುಂದೆ ಎಂಜಿನಿಯರಿಂಗ್ ಓದಲೇ ಎಂದು ಕೇಳಿದಾಗ, ಮನೆಯ ಪರಿಸ್ಥಿತಿ ನೋಡು, ಮೊದಲು ಕೆಲಸ ಹಿಡಿ ಎಂದು ಹೇಳಿದವನೂ ನಾನೇ. ಒಂದು ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದ, ಈಗಲೂ ಅದೇ ಕೆಲಸದಲ್ಲಿದ್ದಾನೆ.

ಅವನು ಬೆಂಗಳೂರಿಗೆ ಅಲೆಯುತ್ತಿದ್ದ ಕಾಲಕ್ಕೇ ಹೊರಜಗತ್ತಿನಲ್ಲಿ ಬಳಪ ಅಗ್ಗವಾಗುತ್ತಿತ್ತೆಂಬುದು ಈಗ ಓದಿದಾಗ ತಿಳಿಯುತ್ತದೆ. 1993ರಲ್ಲಿ ಆಟ್ಮೆಲ್ ಕಂಪನಿ 89ಸಿ51 ಎಂಬ ಚಿಪ್ ತಂದಿತ್ತು. ಫ್ಲ್ಯಾಶ್ ಸ್ಮೃತಿ, ಕಿಟಕಿಯೂ ಬೇಡ, ನೇರಳಾತೀತ ದೀಪವೂ ಬೇಡ, ವಿದ್ಯುತ್ತಿನಿಂದಲೇ ಅಳಿಸಿ ಸಾವಿರ ಸಲ ಬರೆಯಬಹುದು. ಜರ್ಮನಿಯ ಕೈಲ್ ಕಂಪನಿ 1988ರಲ್ಲೇ 8051ಕ್ಕೆ ಸಿ ಭಾಷೆಯ ಅನುವಾದಕವನ್ನು ಮಾಡಿತ್ತು. ಕೊಳ್ಳಲು ದುಬಾರಿ, ಆದರೆ ಅದರ ಪುಕ್ಕಟೆ ಮಾದರಿಯಲ್ಲಿ ಎರಡು ಕಿಲೋಬೈಟ್ ಒಳಗಿನ ಪ್ರೋಗ್ರಾಂ ಬರೆಯಬಹುದಾಗಿತ್ತು. ಮುಂದೆ ನಮ್ಮ ಕಾಲೇಜುಗಳ ಒಂದು ಪೀಳಿಗೆಯೇ ಆ ಎರಡು ಕಿಲೋಬೈಟಿನಲ್ಲಿ ಕಲಿಯಿತು. ಸಂದೀಪ್ ದತ್ತಾ ಎಂಬುವರು ಎಸ್‌ಡಿಸಿಸಿ ಎಂಬ ಅನುವಾದಕವನ್ನು ಬರೆದು ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟುಕೊಟ್ಟರು. ಬಳಿಕ ಬಂದ ಚಿಪ್ಪುಗಳನ್ನು ಹಲಗೆಯಿಂದ ಕೀಳದೆಯೇ, ಕಂಪ್ಯೂಟರಿನ ಪ್ರಿಂಟರ್ ಕಿಂಡಿಗೆ ನಾಲ್ಕು ತಂತಿ ಹಚ್ಚಿ ಬರೆಯಬಹುದಾಯಿತು.

ಇನ್ನು ಆರ್ಡುಯಿನೋ. ಇಟಲಿಯ ಇವ್ರೇಯಾ ಎಂಬ ಸಣ್ಣ ಊರಿನ ವಿನ್ಯಾಸ ಶಾಲೆಯಲ್ಲಿ 2005ರಲ್ಲಿ ಹುಟ್ಟಿದ್ದು. ಅದಕ್ಕೆ ತಳಹದಿ ಕೊಲಂಬಿಯಾ ದೇಶದಿಂದ ಬಂದಿದ್ದ ಎರ್ನಾಂಡೋ ಬಾರಾಗಾನ್ ಎಂಬ ವಿದ್ಯಾರ್ಥಿಯ ಪ್ರೌಢಪ್ರಬಂಧ. ಹೆಸರು ಮಾತ್ರ ಆ ಊರಿನ ಒಂದು ಪಾನಗೃಹದ್ದು. (ವಿದ್ಯಾರ್ಥಿಯ ಶ್ರಮಕ್ಕೆ ಬೇರೆಯವರ ಹೆಸರು ಮೊದಲು ಬರುವುದು ಎಲ್ಲ ದೇಶದಲ್ಲೂ ಇದ್ದದ್ದೇ.) ಎಲೆಕ್ಟ್ರಾನಿಕ್ಸ್ ಓದದ ಕಲಾವಿದರೂ ಚಿಪ್ಪಿನೊಳಗೆ ಬರೆಯುವಂತಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ಬರೆಯುವ ಪರದೆ, ಅನುವಾದಕ, ಚಿಪ್ಪಿಗೆ ತುಂಬುವ ಸಾಧನ, ಮೂರನ್ನೂ ಒಂದೇ ತಂತ್ರಾಂಶದಲ್ಲಿ ಕಟ್ಟಿ ಪುಕ್ಕಟೆಯಾಗಿ ಕೊಟ್ಟರು. ನಮ್ಮಲ್ಲೂ 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಇವು ಶಾಲೆಗಳಿಗೆ ಬಂದವು.

ಪುಕ್ಕಟೆ ನಿಜ, ಸುಲಭ ಮಾತ್ರ ಅಲ್ಲ. ಆ ದಸರೆಯ ಮಧ್ಯಾಹ್ನ ನಾವು ಪಟ್ಟ ಪಾಡನ್ನು ಹೇಳುತ್ತೇನೆ. ನಿಮ್ಮಲ್ಲಿ ಮಕ್ಕಳಿಗೆ ಇದನ್ನು ತಂದುಕೊಡುವವರಿಗೆ ಉಪಯೋಗವಾದೀತು. ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಇರುವುದು ಉಬುಂಟು 22.04. ಆರ್ಡುಯಿನೋ ತಂತ್ರಾಂಶವನ್ನು ಇಳಿಸಿಕೊಂಡು ಹಲಗೆಯನ್ನು ಜೋಡಿಸಿದರೆ ಹಲಗೆಯ ದೀಪವೇನೋ ಉರಿಯಿತು, ಆದರೆ ಕಂಪ್ಯೂಟರಿಗೆ ಅದು ಕಾಣಲೊಲ್ಲದು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ತಿಳಿದದ್ದು, ಅವರು ತಂದ ಕೇಬಲ್ ಪವರ್ ಬ್ಯಾಂಕಿನ ಜೊತೆ ಬಂದದ್ದು. ಅದರಲ್ಲಿ ವಿದ್ಯುತ್ತಿನ ತಂತಿಗಳಿವೆ, ಮಾಹಿತಿಯ ತಂತಿಗಳೇ ಇಲ್ಲ. ನನ್ನ ಫೋನಿನ ಕೇಬಲ್ ಹಾಕಿದೆವು. ಕಾಣಿಸಿಕೊಂಡು ತಕ್ಷಣ ಮಾಯವಾಯಿತು! ಇದು ಇನ್ನೂ ವಿಚಿತ್ರ. ಉಬುಂಟುವಿನಲ್ಲಿ ಅಂಧರ ಬ್ರೈಲ್ ಉಪಕರಣಗಳಿಗೆಂದು ಒಂದು ಸೇವೆ ಸದಾ ಎಚ್ಚರವಾಗಿರುತ್ತದೆ. ಅಗ್ಗದ ಆರ್ಡುಯಿನೋ ಹಲಗೆಗಳಲ್ಲಿರುವ ಸಿಎಚ್340 ಎಂಬ ಸಂಪರ್ಕದ ಚಿಪ್ಪನ್ನೇ ಒಂದು ಬಗೆಯ ಬ್ರೈಲ್ ಉಪಕರಣದಲ್ಲೂ ಬಳಸುತ್ತಾರೆ. ಆದ್ದರಿಂದ ಆ ಸೇವೆ ನಮ್ಮ ಹಲಗೆಯನ್ನು ತನ್ನದೆಂದು ಭಾವಿಸಿ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಅದರ ಅಗತ್ಯವಿಲ್ಲವಾದ್ದರಿಂದ ತೆಗೆದೆವು. ಬಳಿಕ ಅನುಮತಿ ಇಲ್ಲ ಎಂಬ ದೂರು. ಬಳಕೆದಾರನನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ ಅದೂ ತೀರಿತು. ಕೊನೆಗೆ ತುಂಬುವಾಗ ತಪ್ಪು. ಹಲಗೆಯ ಪಟ್ಟಿಯಲ್ಲಿ ಹಳೆಯ ಬೂಟ್‌ಲೋಡರ್ ಎಂದು ಬರೆದದ್ದನ್ನು ಆರಿಸಿದ ಮೇಲೆ ದೀಪ ಒಂದು ಸೆಕೆಂಡು ಹೊತ್ತಿ ಒಂದು ಸೆಕೆಂಡು ಆರತೊಡಗಿತು. ಇಷ್ಟನ್ನೂ ಬಿಡಿಸಿದವಳು ಆ ಹುಡುಗಿಯೇ, ಫೋನಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿ ಹುಡುಕಿ. ನಾನು ಕನ್ನಡಕ ಒರೆಸುತ್ತಾ ಕುಳಿತಿದ್ದೆ.

ಅವಳು ದೀಪದ ವೇಗವನ್ನು ಬದಲಾಯಿಸುತ್ತಾ ಆಡುತ್ತಿರುವಾಗ ತಂದೆ ಚೀಲದಿಂದ ನೋಟ್‌ಪುಸ್ತಕ ತೆಗೆದ. "ಸಾರ್, ಇದನ್ನೂ ಇದರಲ್ಲಿ ನೋಡಬಹುದೇ?"

ಎಸ್‌ಡಿಸಿಸಿಯನ್ನು ಇಳಿಸಿಕೊಳ್ಳಲು ಒಂದೇ ಆಜ್ಞೆ ಸಾಕಾಯಿತು. ಅದರ ಜೊತೆಗೇ 8051ರ ಅಸೆಂಬ್ಲರ್ ಬರುತ್ತದೆ. ಅಸೆಂಬ್ಲರಿಗೆ ಹೆಜ್ಜೆಗಳ ಲೆಕ್ಕ ಕೊಡಬೇಕಾಗಿಲ್ಲ; ಇಂಥ ಜಾಗಕ್ಕೆ ಹೋಗು ಎಂದು ಆ ಜಾಗದ ಹೆಸರು ಹೇಳಿದರೆ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಅವನು ಓದುತ್ತಾ ಹೋದ, ಮಗಳು ಟೈಪು ಮಾಡಿದಳು. ನಲವತ್ತು ಚಿಲ್ಲರೆ ಸಾಲು. ಬಂದ ಅಂಕಿಗಳ ಪಟ್ಟಿಯನ್ನೂ ನೋಟ್‌ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆವು. ಕೊನೆಯ ಸಾಲಿನವರೆಗೆ ಎಲ್ಲವೂ ಒಂದೇ. ಕೊನೆಯ ಸಾಲು ನೋಟ್‌ಪುಸ್ತಕದಲ್ಲಿ 80 00. ಪರದೆಯ ಮೇಲೆ 80 ಎಫ್‌ಇ.

ಚಿಪ್ ಒಂದು ಆಜ್ಞೆಯನ್ನು ಓದಿ ಮುಗಿಸುವಷ್ಟರಲ್ಲಿ ತನ್ನ ಬೆರಳನ್ನು ಮುಂದಿನ ಆಜ್ಞೆಯ ಮೇಲೆ ಇಟ್ಟಿರುತ್ತದೆ. ಹೆಜ್ಜೆ ಎಣಿಸುವುದು ಅಲ್ಲಿಂದ. ಜಿಗಿಯುವ ಆಜ್ಞೆಯೇ ಎರಡು ಬೈಟ್ ಉದ್ದ. ಆದ್ದರಿಂದ ಇದ್ದ ಜಾಗದಲ್ಲೇ ಇರಬೇಕಾದರೆ ಸೊನ್ನೆಯಲ್ಲ, ಎರಡು ಹೆಜ್ಜೆ ಹಿಂದಕ್ಕೆ ಬರಬೇಕು. ಹದಿನಾರರ ಎಣಿಕೆಯಲ್ಲಿ ಋಣ ಎರಡಕ್ಕೆ ಎಫ್‌ಇ ಎಂದು ಹೆಸರು. ನಡುವಿನ ಜಿಗಿತಗಳಿಗೆಲ್ಲ ಅವನು ಪುಸ್ತಕ ನೋಡಿ ಈ ನಿಯಮವನ್ನೇ ಅನುಸರಿಸಿದ್ದ. ಕೊನೆಯದಕ್ಕೆ ಮಾತ್ರ, ಇಷ್ಟು ಸುಲಭದ್ದಕ್ಕೆ ಪುಸ್ತಕವೇಕೆ ಎಂದು ನನ್ನನ್ನು ಕೇಳಿದ್ದ. ಸೊನ್ನೆ ಎಂದು ಬರೆದದ್ದರಿಂದ ಚಿಪ್ ನಿಲ್ಲದೆ ಮುಂದೆ ಸಾಗಿ, ಇಪ್ರಾಮಿನ ಖಾಲಿ ಜಾಗವನ್ನೆಲ್ಲ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟಿ, ಮತ್ತೆ ಮೊದಲಿಗೆ ಬಂದು, ದೀಪ ಆರಿಸಿ ಎರಡು ನಿಮಿಷ ಕಾಯುತ್ತಿತ್ತು. ಕಾಲೇಜಿನ ಕಿಟ್ಟಿನಲ್ಲಿ ಈ ತಪ್ಪು ಕಾಣದಿದ್ದುದಕ್ಕೂ ಕಾರಣ ಸ್ಪಷ್ಟ. ಅಲ್ಲಿ ಕೊನೆಯ ಸಾಲೇ ಬೇರೆ; ಕೆಲಸ ಮುಗಿದ ಮೇಲೆ ಯಜಮಾನಿಕೆಯನ್ನು ಕಿಟ್ಟಿಗೆ ಹಿಂದಿರುಗಿಸುವುದು. ಅವನ ಸ್ವಂತ ಹಲಗೆಯಲ್ಲಿ ಹಿಂದಿರುಗಿಸಲು ಯಾರೂ ಇರಲಿಲ್ಲ.

ನಮ್ಮ ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆಯೆಂದೂ, ಅಷ್ಟು ತೂಕದಷ್ಟು ಕ್ಷೇತ್ರ ಕಾಶಿಗಿಂತ ಹೆಚ್ಚೆಂದೂ ಹಿರಿಯರು ಹೇಳುತ್ತಾರೆ. ತರಗತಿಯಲ್ಲಿ ತಕ್ಕಡಿಯ ಪಾಠ ಮಾಡುವಾಗಲೆಲ್ಲ ಆ ಕಥೆ ಹೇಳುತ್ತಿದ್ದವನು ನಾನು. ಇಲ್ಲಿ ಇದ್ದದ್ದು ಒಂದು ಬೈಟ್.

"ನಾನೇ ಅಲ್ಲವೇನಪ್ಪ ಸೊನ್ನೆ ಅಂದದ್ದು" ಎಂದೆ. ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದ. "ನೀವು ಹೇಳುವ ಮೊದಲೇ ನಾನು ಬರೆದಿದ್ದೆ ಸಾರ್" ಎಂದ. ಅದು ನಿಜ, ನನ್ನ ಸಮಾಧಾನಕ್ಕೆ ಹೇಳಿದ್ದೂ ನಿಜ. ನನ್ನ ಮನೆಯವಳು ಊಟಕ್ಕೆ ಎಬ್ಬಿಸಿದಳು.

ಊಟವಾದ ಮೇಲೆ ಹುಡುಗಿ ಆರ್ಡುಯಿನೋದಲ್ಲೇ ಅಪ್ಪನ ಪ್ರೋಗ್ರಾಂ ಬರೆದಳು. ಎರಡು ನಿಮಿಷ ಕಾಯುವುದು, ದೀಪ ಹೊತ್ತಿಸುವುದು, ಹಾಗೇ ಬಿಡುವುದು. ನಾವು ಮೂವರೂ ಗೋಡೆಯ ಗಡಿಯಾರ ನೋಡುತ್ತಾ ಕುಳಿತೆವು. ಹೊತ್ತಿತು. ಆರಲಿಲ್ಲ. ಅವನು ನನ್ನ ಪೆನ್ನು ಕೇಳಿ ಪಡೆದು ನೋಟ್‌ಪುಸ್ತಕದ ಕೊನೆಯ ಸಾಲಿನಲ್ಲಿ 00 ಎಂದಿದ್ದನ್ನು ಹೊಡೆದು ಎಫ್‌ಇ ಎಂದು ಬರೆದು ಪಕ್ಕದಲ್ಲಿ ತಾರೀಖು ಹಾಕಿದ. ಅವರ ಹೊಲದಲ್ಲಿ ಈಗ ಅಂಗಡಿಯಲ್ಲಿ ಸಿಗುವ, ಫೋನಿನಿಂದ ಚಾಲೂ ಮಾಡುವ ಸ್ಟಾರ್ಟರ್ ಇದೆಯಂತೆ. ತಾನಾಗಿ ಕಾಯುವ ಏರ್ಪಾಡೂ ಅದರಲ್ಲಿದೆಯಂತೆ.

ನೋಟ್‌ಪುಸ್ತಕವನ್ನು ನನಗೆ ಕೊಟ್ಟು ಹೋಗು ಎಂದೆ, ಕೊಡಲಿಲ್ಲ. ಮಗಳು ಪ್ರತಿ ತಿಂಗಳು ಎರಡನೆಯ ಶನಿವಾರ ಬಂದು ಹೋಗುತ್ತಾಳೆ. ನಮ್ಮ ಕಂಪ್ಯೂಟರಿನಲ್ಲಿ ಅವಳದೇ ಒಂದು ಫೋಲ್ಡರ್ ಇದೆ. ಅವರು ತಂದಿದ್ದ ಪವರ್ ಬ್ಯಾಂಕಿನ ಕೇಬಲ್ ಮಾತ್ರ ಅಂದಿನಿಂದ ನಮ್ಮ ಮೇಜಿನ ಮೇಲೆಯೇ ಬಿದ್ದಿದೆ. ಬಂದಾಗಲೆಲ್ಲ ಕೊಡಲು ಮರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ನರಸೀಪುರದ ಕಡೆ ಹೋಗುವವರಿದ್ದರೆ ಮನೆಗೆ ಬಂದು ಒಯ್ಯಿರಿ; ಯಾರಿಗೆ ಕೊಡಬೇಕೆಂದು 1994ರವರಿಗೆ ಗೊತ್ತು.